ಎಲ್ಲ ತಗೊಂಡ್ರಾ

ಜೂನ್ 12

ಅಪ್ಪ,

ಕಾಗದ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಊದಿ ನಿಮ್ಮ ಕಿವಿ ಮಂದವಾಗಿದೆ, ಸ್ಪೀಕರ್ ಹಾಕಲೇಬೇಕು, ಹಾಕಿದರೆ ಅಮ್ಮ ಪಕ್ಕದಲ್ಲಿ ನಿಂತಿರುತ್ತಾಳೆ. ಇದು ಅವಳೆದುರು ಕೇಳುವ ಮಾತಲ್ಲ.

ಆಸ್ಪತ್ರೆಯವರು ನನಗೆ ಹೊಸ ಕೆಲಸ ಹಚ್ಚಿದ್ದಾರೆ. ವಾರದಲ್ಲಿ ನಾಲ್ಕು ದಿನ ಎದೆರೋಗದ ವಾರ್ಡಿನಲ್ಲಿ ಎಂದಿನ ನರ್ಸ್ ಕೆಲಸ, ಎರಡು ದಿನ ಶಾಲೆಗಳಿಗೆ ಹೋಗಬೇಕು. ಪಕ್ಕದಲ್ಲಿ ಕೂತವನಿಗೆ ಇದ್ದಕ್ಕಿದ್ದಂತೆ ಆಸ್ತಮಾ ಕೆರಳಿ ಉಸಿರು ಸಿಗದೆ ಹೋದರೆ ಏನು ಮಾಡಬೇಕು ಎಂದು ಮಕ್ಕಳಿಗೆ ನಲವತ್ತು ನಿಮಿಷದಲ್ಲಿ ಹೇಳಿಕೊಡಬೇಕು. ಒಂದು ಪೆಟ್ಟಿಗೆ ಕೊಟ್ಟಿದ್ದಾರೆ. ಔಷಧಿ ಇಲ್ಲದ ನಾಲ್ಕು ಇನ್ಹೇಲರು, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಶ್ವಾಸಕೋಶದ ಪಟ. ಇನ್ಹೇಲರಿಗೆ ಇಲ್ಲಿನ ಮಕ್ಕಳೂ ನಮ್ಮ ಹಾಗೇ ಪಂಪು ಅನ್ನುತ್ತವೆ. ನನ್ನನ್ನೇ ಯಾಕೆ ಆರಿಸಿದಿರಿ ಎಂದು ನಾನು ಕೇಳಲಿಲ್ಲ. ನನಗೊಬ್ಬ ತಮ್ಮನಿದ್ದ ಅನ್ನುವುದು ಇಲ್ಲಿ ಯಾರಿಗೂ ಗೊತ್ತಿಲ್ಲ.

ನಿನ್ನೆ ಒಂದು ಶಾಲೆಯಲ್ಲಿ, "ಇಲ್ಲಿ ಯಾರ ಹತ್ರ ಪಂಪಿದೆ?" ಎಂದು ಕೇಳಿದೆ. ಮೂರು ಕೈ ಎದ್ದವು. ಒಬ್ಬಳು ಮೂರನೇ ಬೆಂಚಿನ ಹುಡುಗಿ, ಹದಿಮೂರು ಇರಬೇಕು. "ನನಗಲ್ಲ ಮಿಸ್, ನನ್ನ ತಮ್ಮಂಗೆ. ಅವನು ಕಳೆದು ಹಾಕ್ತಾನೆ ಅಂತ ಅಮ್ಮ ನನ್ನ ಬ್ಯಾಗಲ್ಲಿ ಇಡ್ತಾಳೆ" ಅಂದಳು. ತಮ್ಮ ಎಲ್ಲಿ ಅಂದರೆ, ಕೆಳಗಡೆ ಮೂರನೇ ಕ್ಲಾಸಲ್ಲಿ ಅಂದಳು. ಈಗಲೇ ಎದ್ದು ಹೋಗಿ ಅವನ ಜೇಬಿಗೆ ಹಾಕಿ ಬಾ ಎಂದು ಹೇಳುವುದು ನನ್ನ ಕೆಲಸ. ಹೇಳಲಿಲ್ಲ. "ಒಳ್ಳೇದು, ಕೂತ್ಕೋ" ಅಂದೆ. ಆಮೇಲೆ ಶ್ವಾಸಕೋಶದ ಪಟವನ್ನು ಎರಡು ಸಲ ತೋರಿಸಿದೆ. ಗಂಟೆ ಹೊಡೆಯಿತು, ಬಂದೆ.

ಅದಕ್ಕೇ ಕೇಳುತ್ತಿದ್ದೇನೆ. ನನ್ನ ತಮ್ಮ, ನಮ್ಮ ಬುಗುರಿ, ನಿಮ್ಮ ಆಟದ ಪೀರಿಯಡ್ಡಿನಲ್ಲಿ ಹೋದ ದಿನ ಅವನ ಪಂಪು ಎಲ್ಲಿತ್ತು? ಅವನಿಗೆ ಒಂಬತ್ತು, ನನಗೆ ಹದಿಮೂರು. ದಿನಾ ಬೆಳಿಗ್ಗೆ ಅಮ್ಮ ಅದನ್ನು ನನ್ನ ಕೈಗೇ ಕೊಡುತ್ತಿದ್ದಳು. ಆ ದಿನವೂ ಕೊಟ್ಟಳು, ನಾನು ಬ್ಯಾಗಿನ ಪಕ್ಕದ ಜೇಬಿಗೆ ಹಾಕಿ ಜಿಪ್ ಎಳೆದೆ ಎಂದು ನನಗೆ ನೆನಪಿದೆ. ಆದರೆ ಸಂಜೆ ನಾನೇ ಕಣ್ಣಾರೆ ನೋಡಿದೆ, ಅದು ಮನೆಯಲ್ಲಿ ಕನ್ನಡಿಯ ಕೆಳಗಿನ ಹಲಗೆಯ ಮೇಲಿತ್ತು. ಎರಡೂ ನಿಜವಾಗುವುದಕ್ಕೆ ಸಾಧ್ಯವಿಲ್ಲ. ಹದಿನಾಲ್ಕು ವರ್ಷದಿಂದ ಎರಡನ್ನೂ ಇಟ್ಟುಕೊಂಡಿದ್ದೇನೆ.

ಸೆಪ್ಟೆಂಬರಿನ ಪಟ್ಟಿಯಲ್ಲಿ ನಿಮ್ಮ ಶಾಲೆಯೂ ಇದೆ. ಅಷ್ಟರೊಳಗೆ ಉತ್ತರ ಬೇಕು.

ಮಗಳು


ಜೂನ್ 20

ಮಗಳೇ,

ನಿನ್ನ ಕಾಗದ ಕೈಗೆ ಬಂತು. ಅಂಚೆಯವನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನ್ ಮೇಷ್ಟ್ರೇ, ಕೋರ್ಟಿಂದಾ?" ಅಂದ. ಕೈಯಲ್ಲಿ ಬರೆದ ಕಾಗದವನ್ನು ಅವನು ಕಂಡು ಎಷ್ಟು ಕಾಲವಾಯಿತೋ. ಅಮ್ಮ ಬಾಗಿಲಿಗೆ ಬಂದು "ಏನಂತೆ?" ಅಂದಳು. "ಪಾಠದ ವಿಷಯ, ಸಲಹೆ ಕೇಳಿದ್ದಾಳೆ" ಅಂದೆ. "ನಂಗೇನಾದ್ರೂ ಬರ್ದಿದ್ದಾಳಾ?" ಅಂದಳು. ಇಲ್ಲ ಅಂದೆ. "ಸರಿ" ಅಂದು ಒಳಗೆ ಹೋದಳು.

ಸಲಹೆ ನೀನು ಕೇಳಿಲ್ಲ, ಆದರೂ ಕೊಡುತ್ತೇನೆ. ಮೇಷ್ಟ್ರ ಚಟ, ನಿವೃತ್ತಿಯಾದರೂ ಬಿಡುವುದಿಲ್ಲ. ಆ ಪಟ ಸುತ್ತಿ ಮೂಲೆಗಿಡು. ನಲವತ್ತು ನಿಮಿಷ ಬಾಯಲ್ಲಿ ಹೇಳಿದ್ದನ್ನು ಮಕ್ಕಳು ಊಟದ ಗಂಟೆಗೆ ಮುಂಚೆ ಮರೆಯುತ್ತವೆ. ಕೈ ಕಾಲಲ್ಲಿ ಮಾಡಿದ್ದನ್ನು ಮರೆಯುವುದಿಲ್ಲ. ಒಬ್ಬನನ್ನು ಉಸಿರು ಸಿಗದವನ ಪಾತ್ರಕ್ಕೆ ನಿಲ್ಲಿಸು, ಉಳಿದವರು ಏನು ಮಾಡುತ್ತಾರೆ ನೋಡು. ತಪ್ಪು ಮಾಡಲಿ. ಆಮೇಲೆ ತಿದ್ದು. ನಾನು ಎಷ್ಟೋ ಸಾವಿರ ಮಕ್ಕಳಿಗೆ ಎಡಗಾಲು ಬಲಗಾಲು ಕಲಿಸಿದ್ದು ಹೀಗೇ.

ಅಮ್ಮನ ಮಂಡಿನೋವು ಹಾಗೇ ಇದೆ. ಅವಳ ಹಳೇ ಚಾಳಿಯೂ ಹಾಗೇ ಇದೆ. ನಾನು ಹಾಲಿಗೆ ಹೊರಟರೆ ಗೇಟಿನ ತನಕ ಬಂದು "ಎಲ್ಲ ತಗೊಂಡ್ರಾ?" ಅನ್ನುತ್ತಾಳೆ. ತಗೊಂಡೆ ಅಂದರೂ ಬಿಡುವುದಿಲ್ಲ, ಮೂರು ಸಲ ಆಗಲೇಬೇಕು. ಹಾಲಿನಂಗಡಿ ಬೀದಿಯ ಕೊನೆಗಿದೆ, ನೂರಾ ನಲವತ್ತು ಹೆಜ್ಜೆ. ಅಷ್ಟು ದೂರಕ್ಕೆ ಹಾಸಿಗೆ ದಿಂಬು ತಗೊಂಡು ಹೋಗಲಾ ಎಂದು ಒಂದು ದಿನ ಕೇಳಿದೆ. ನಗಲಿಲ್ಲ.

ನೀನು ಕೇಳಿದ್ದು ಹಳೇ ಮಾತು. ಅದು ಹಲಗೆಯ ಮೇಲಿತ್ತು, ನೀನೇ ನೋಡಿದ್ದೀಯಲ್ಲ. ಕೆದಕುವುದರಲ್ಲಿ ಏನೂ ಇಲ್ಲ.

ಅಪ್ಪ


ಜುಲೈ 5

ಅಪ್ಪ,

ಪಟ ಸುತ್ತಿ ಮೂಲೆಗಿಟ್ಟೆ. ನೀವು ಹೇಳಿದ ಹಾಗೆ ಒಬ್ಬನನ್ನು ಪಾತ್ರಕ್ಕೆ ನಿಲ್ಲಿಸಿದೆ. ಅವನು ಎದೆ ಹಿಡಿದುಕೊಂಡು ಸಿನಿಮಾದವರ ಹಾಗೆ ಬಿದ್ದ. ಉಳಿದವರು ಏನು ಮಾಡಿದರು ಗೊತ್ತೇ? ಅವನನ್ನು ನೆಲದ ಮೇಲೆ ಅಂಗಾತ ಮಲಗಿಸಿದರು. ಸುತ್ತ ಮುತ್ತಿಕೊಂಡು ನೋಟ್‌ಬುಕ್ಕಿನಿಂದ ಗಾಳಿ ಹಾಕಿದರು. ಒಬ್ಬಳು ಬಾಟಲಿಯಿಂದ ಬಾಯಿಗೆ ನೀರು ಹನಿಸಿದಳು. ನಾಲ್ಕು ಶಾಲೆಯಲ್ಲಿ ಮಾಡಿಸಿದೆ, ನಾಲ್ಕರಲ್ಲೂ ಇದೇ ಆಯಿತು. ಯಾರೂ ಕಲಿಸಿಲ್ಲ, ಕೈ ತಾನಾಗಿ ಮಾಡುತ್ತದೆ.

ಆಮೇಲೆ ನಾನು ತಿದ್ದುತ್ತೇನೆ. ಮೊದಲು ಕೂರಿಸಬೇಕು. ನೆಟ್ಟಗೆ ಕೂರಿಸಿ ಸ್ವಲ್ಪ ಮುಂದಕ್ಕೆ ಬಾಗಲು ಬಿಡಬೇಕು. ಮಲಗಿಸಿದರೆ ಉಸಿರು ಇನ್ನೂ ಕಷ್ಟ. ಕಾಲರ್ ಗುಂಡಿ ಬಿಚ್ಚಬೇಕು. ನೀಲಿ ಪಂಪು ಅಲುಗಿಸಿ ಕೊಳವೆಗೆ ಸಿಕ್ಕಿಸಿ ಒಂದು ಸಲ ಒತ್ತಬೇಕು, ನಾಲ್ಕು ಉಸಿರು ಎಳೆಯಲಿ. ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ಕಾಯಬೇಕು. ಕಡಿಮೆಯಾಗದಿದ್ದರೆ ಮತ್ತೆ ಒತ್ತುತ್ತಾ ಆಂಬುಲೆನ್ಸಿಗೆ ಕೂಗಬೇಕು. ಅವನನ್ನು ಒಬ್ಬನೇ ಬಿಡಬಾರದು. ಮಕ್ಕಳು ಬೇಗ ಕಲಿಯುತ್ತಾರೆ.

ನೀವು ಮಲಗಿಸಿದಿರಿ. ನಿಮ್ಮ ಶಾಲೆಯ ಹುಡುಗರು ನನಗೆ ಆಗಲೇ ಹೇಳಿದ್ದರು, ಓಡಿಸಿದರು, ಮಲಗಿಸಿದರು, ನೀರು ಹಾಕಿದರು ಎಂದು. ಹದಿನೆಂಟಾದ ಕೂಡಲೇ ಮನೆ ಬಿಟ್ಟಿದ್ದಕ್ಕೆ ನನ್ನ ಮಟ್ಟಿಗೆ ಅದೇ ಕಾರಣ. ವರ್ಷಕ್ಕೆ ಎರಡು ದಿನ ಬಂದು ನೆಂಟರ ಹಾಗೆ ಕೂತು ಹೋಗುವುದಕ್ಕೂ ಅದೇ. ಈಗ ಸಿಟ್ಟಿಲ್ಲ. ಸಿಟ್ಟಿಲ್ಲ ಎಂದರೆ ಕ್ಷಮಿಸಿದೆ ಎಂದಲ್ಲ, ಅಲ್ಲಿ ಏನೂ ಇಲ್ಲ ಅಷ್ಟೆ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಡುತ್ತಾರಲ್ಲ, ಹಾಗೆ.

ಒಬ್ಬ ಹುಡುಗಿ ಕೇಳಿದಳು, "ಮಿಸ್, ನೀವು ಯಾರಿಗಾದ್ರೂ ಹಿಂಗಾಗಿದ್ದು ನೋಡಿದೀರಾ?" ಆಸ್ಪತ್ರೆಯಲ್ಲಿ ದಿನಾ ನೋಡ್ತೀನಿ ಅಂದೆ. ಸುಳ್ಳಲ್ಲ. ಆದರೆ ಅವಳು ಕೇಳಿದ್ದು ಅದಲ್ಲ.

ಪಂಪು ಹಲಗೆಯ ಮೇಲೆ ಇದ್ದದ್ದನ್ನು ನಾನು ನೋಡಿದ್ದು ಸಂಜೆ. ಬೆಳಿಗ್ಗೆಯಿಂದಲೂ ಅಲ್ಲೇ ಇತ್ತು ಎಂದು ನೋಡಿಲ್ಲ. ಆ ದಿನ ಏನೇನಾಯಿತು ಪೂರ್ತಿ ಬರೆಯಿರಿ.

ಮಗಳು


ಜುಲೈ 30

ಮಗಳೇ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೂರು ಹರಿದು ಹಾಕಿದೆ.

ಮೂರನೇ ಪೀರಿಯಡ್ಡು. ಮೈದಾನಕ್ಕೆ ಎರಡು ಸುತ್ತು ಓಡಿ ಅಂದೆ. ಬುಗುರಿ ಮೊದಲ ಸುತ್ತು ಓಡಿದ. ಎರಡನೆಯದರಲ್ಲಿ ಗೋಲಿನ ಕಂಬದ ಹತ್ತಿರ ನಿಂತು ಬಗ್ಗಿ ಶೂ ಲೇಸು ಕಟ್ಟತೊಡಗಿದ. ಸೀಟಿ ಊದಿದೆ. ಎದ್ದು ಹತ್ತು ಹೆಜ್ಜೆ ಓಡಿ ಮತ್ತೆ ಬಗ್ಗಿದ. ಆಗಲೇ ಹತ್ತಿಪ್ಪತ್ತು ವರ್ಷದ ಅನುಭವ ನನ್ನದು, ಓಡಲು ಕಳ್ಳಬೀಳುವವರೆಲ್ಲ ಮಾಡುವುದು ಇದನ್ನೇ. "ಕುಣಿಲಾರದವಳಿಗೆ ನೆಲ ಡೊಂಕು, ಓಡಲಾರದವನಿಗೆ ಲೇಸು ಸಡಿಲ" ಎಂದು ಎಲ್ಲರೆದುರು ಅಂದೆ. ಹುಡುಗರು ನಕ್ಕರು. ಮೇಷ್ಟ್ರ ಮಗ ಎಂದು ಬಿಟ್ಟರು ಅಂತ ಯಾರೂ ಅನ್ನಬಾರದಿತ್ತು. ಬೇರೆಯವರ ಮಗನಾಗಿದ್ದರೆ ಬಿಡುತ್ತಿದ್ದೆನೇನೋ.

ಮೂರನೇ ಸಲ ಬಗ್ಗಿದಾಗ ಕೈ ಲೇಸಿನ ಮೇಲಿರಲಿಲ್ಲ, ಮಂಡಿಯ ಮೇಲಿತ್ತು. ಹತ್ತಿರ ಹೋದೆ. "ಅಪ್ಪ" ಅಂದ. ಶಾಲೆಯಲ್ಲಿ ನನ್ನನ್ನು ಸರ್ ಅನ್ನಬೇಕು ಎಂದು ನಿಮ್ಮಿಬ್ಬರಿಗೂ ಕಟ್ಟಪ್ಪಣೆ ಮಾಡಿದ್ದೆ. ನನ್ನನ್ನು ಕರಗಿಸಲು ನೋಡುತ್ತಿದ್ದಾನೆ ಅಂದುಕೊಂಡೆ. "ಕೂತ್ಕೋ" ಅಂದ. "ತೀನಿ" ಅಂದ. ಒಂದೇ ಮಾತು, ನಡುವೆ ಉಸಿರು ಎಳೆದುಕೊಂಡು ಎರಡು ಮಾಡಿ ಹೇಳಿದ. ನಾನು "ನೆಟ್ಟಗೆ ನಿಲ್ಲು, ಎದೆ ಮುಂದೆ" ಅಂದೆ. ಭುಜ ಹಿಡಿದು ನಿಲ್ಲಿಸಿದೆ. ಅವನಾಗೇ ಕೂರುತ್ತೇನೆ ಅಂದಿದ್ದ. ನೀನು ಇವತ್ತು ಶಾಲೆ ಶಾಲೆಗೆ ಹೋಗಿ ಹೇಳಿಕೊಡುತ್ತಿರುವುದು ಅವನಿಗೆ ಗೊತ್ತಿತ್ತು.

ಆಮೇಲೆ ತುಟಿ ಬೇರೆ ಬಣ್ಣಕ್ಕೆ ತಿರುಗಿತು. ಮಲಗಿಸಿದೆ, ನೀರು ಹಾಕಿದೆ, ಎಲ್ಲ ನೀನು ಕೇಳಿದ ಹಾಗೇ. ಪಂಪು ತರಲು ಒಬ್ಬ ಹುಡುಗನನ್ನು ನಿನ್ನ ಕ್ಲಾಸಿಗೆ ಓಡಿಸಿದೆ. ಶೂ ಬಿಚ್ಚಲು ಹೋದೆ. ಲೇಸು ಸಡಿಲವೇ ಆಗಿರಲಿಲ್ಲ. ಎರಡು ಗಂಟು ಹಾಕಿತ್ತು, ಬೆಳಿಗ್ಗೆ ನೀನು ಕಟ್ಟಿದ್ದು.

ನಿನ್ನ ಮಕ್ಕಳಿಗೆ ಹೇಳು, ಕೂಗುವವನನ್ನು ನೋಡುತ್ತಾ ಕೂರಬೇಡಿ, ಬಗ್ಗಿ ತುಂಬಾ ಹೊತ್ತು ಲೇಸು ಕಟ್ಟುವವನನ್ನು ನೋಡಿ ಎಂದು. ಏನಾದರೂ ಕೇಳಿದರೆ ಪೂರ್ತಿ ವಾಕ್ಯ ಹೇಳುತ್ತಾನೋ ಇಲ್ಲವೋ ನೋಡಿ ಎಂದು. ಇಲ್ಲಿಗೆ ನಿಲ್ಲಿಸುತ್ತೇನೆ.

ಅಪ್ಪ


ಆಗಸ್ಟ್ 8

ಅಪ್ಪ,

ಲೇಸಿನ ವಿಷಯ ಹೇಳಿದೆ. ಯಾರ ಮಾತು ಎಂದು ಹೇಳಲಿಲ್ಲ. ಒಬ್ಬಳು ಕೈ ಎತ್ತಿ, "ಮಿಸ್, ನಮ್ಮ ಕ್ಲಾಸಲ್ಲಿ ಒಬ್ಬ ಮೆಟ್ಟಿಲು ಹತ್ತಿದ ಮೇಲೆ ಯಾವಾಗ್ಲೂ ಲೇಸು ಕಟ್ತಾನೆ, ನಾವು ಅವನಿಗೆ ಲೇಸು ಅಂತಲೇ ಅಡ್ಡಹೆಸರು ಇಟ್ಟಿದೀವಿ" ಅಂದಳು. ಎಲ್ಲರೂ ಅವನ ಕಡೆ ತಿರುಗಿದರು. ಅವನು ಬೆಂಚಿನ ಕೆಳಗೆ ಕಾಲು ಎಳೆದುಕೊಂಡ. ಅವನ ಮನೆಗೆ ಚೀಟಿ ಕಳಿಸಿದೆ, ಮರುದಿನ ಅವನ ತಾಯಿ ಅವನನ್ನು ನಮ್ಮ ವಾರ್ಡಿಗೆ ಕರೆದುಕೊಂಡು ಬಂದರು. ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿ, "ಎಷ್ಟು ದಿನದಿಂದ ಹೀಗೆ ಸುಯ್ಯಿಗುಡ್ತಿದೆ?" ಅಂದರು. ತಾಯಿಗೆ ಗೊತ್ತೇ ಇರಲಿಲ್ಲ. ಈಗ ಅವನ ಜೇಬಿನಲ್ಲಿ ಪಂಪಿದೆ.

ನಿಮಗೆ ಸಂತೋಷವಾಗಲಿ ಎಂದು ಇದನ್ನು ಬರೆಯಲಿಲ್ಲ. ಆದದ್ದು ತಿಳಿಸಿದೆ.

ಹುಡುಗನನ್ನು ನನ್ನ ಕ್ಲಾಸಿಗೆ ಓಡಿಸಿದೆ ಎಂದು ಬರೆದಿರಿ. ಅವನು ಏನು ತಂದ? ನಿಮ್ಮ ಶಾಲೆಗೆ ಹೋಗಬೇಕಾದ ದಿನ ಸೆಪ್ಟೆಂಬರ್ 14. ಬದಲಿ ಯಾರಾದರೂ ಹೋಗಲಿ ಎಂದು ನಮ್ಮ ಹಿರಿಯ ನರ್ಸನ್ನು ಕೇಳಿದೆ. "ಪಟ್ಟಿ ಅಂದ್ರೆ ಪಟ್ಟಿ ಕಣಮ್ಮ" ಅಂದರು. ಆ ಮೈದಾನದ ಪಕ್ಕದಲ್ಲಿ ನಿಂತು, ಪಂಪು ಯಾರ ಹತ್ತಿರ ಇರಬೇಕು ಎಂದು ಮಕ್ಕಳಿಗೆ ಹೇಳಬೇಕು ನಾನು. ಅದು ಎಲ್ಲಿತ್ತು ಎಂದು ತಿಳಿಯದೆ ನನ್ನ ಬಾಯಿ ಏಳುವುದಿಲ್ಲ.

ಮಗಳು


ಆಗಸ್ಟ್ 21

ಮಗಳೇ,

ಓಡಿ ಹೋದ ಹುಡುಗ ಬರಿಗೈಯಲ್ಲಿ ಬಂದ. "ಸರ್, ಅಕ್ಕ ಇಲ್ಲ, ಬ್ಯಾಗೂ ಇಲ್ಲ" ಅಂದ. ಆಗ ನೆನಪಾಯಿತು. ಬೆಳಿಗ್ಗೆ ಎಂಟಕ್ಕೆ ನಿಮ್ಮ ರಿಲೇ ತಂಡವನ್ನು ಬೇರೆ ಶಾಲೆಯ ಪಂದ್ಯಕ್ಕೆ ವ್ಯಾನು ಹತ್ತಿಸಿದವನು ನಾನೇ. ನಾಲ್ಕು ಹೆಸರು ಬರೆದವನೂ ನಾನೇ. "ಬ್ಯಾಗು ತಗೊಂಡೇ ಹೋಗಿ, ನೀರಿನ ಬಾಟಲು ಅದರಲ್ಲೇ ಇರಲಿ" ಅಂದವನೂ ನಾನೇ.

ಸಂಜೆ ಐದರ ಸುಮಾರಿಗೆ ಆಸ್ಪತ್ರೆಯಿಂದ ಅವನಿಗೆ ಬಟ್ಟೆ ತರಲು ಮನೆಗೆ ಬಂದೆ. ಅಷ್ಟರಲ್ಲಿ ನೀನು ಪಂದ್ಯ ಮುಗಿಸಿ ಬಂದಿದ್ದೆ, ಪಕ್ಕದ ಮನೆಯಾಕೆ ನಿನ್ನನ್ನು ತಮ್ಮ ಮನೆಯಲ್ಲಿ ಕೂರಿಸಿಕೊಂಡಿದ್ದರು. ನಿನ್ನ ಬ್ಯಾಗು ಮುಂದಿನ ಕೋಣೆಯಲ್ಲಿ ಬಿದ್ದಿತ್ತು, ಪಕ್ಕದಲ್ಲಿ ಮೂರನೇ ಬಹುಮಾನದ ಸಣ್ಣ ಕಪ್ಪು. ಪಕ್ಕದ ಜೇಬಿನ ಜಿಪ್ ಎಳೆದೆ. ಪಂಪು ಅಲ್ಲಿತ್ತು. ಅಲುಗಿಸಿ ನೋಡಿದೆ. ತುಂಬಿತ್ತು.

ಅದನ್ನು ತೆಗೆದು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟೆ. ದಿನಾ ಮನೆಗೆ ಬಂದ ಮೇಲೆ ಅದರ ಜಾಗ ಅದೇ ತಾನೇ. ಜಿಪ್ ಮತ್ತೆ ಎಳೆದೆ. ಆಮೇಲೆ ಅಮ್ಮನನ್ನು ಕರೆದುಕೊಂಡು ಬಂದರು. ಅವಳ ಕಣ್ಣು ನೇರ ಅಲ್ಲಿಗೇ ಹೋಯಿತು. "ಇದು ಇಲ್ಲೇ ಇತ್ತಾ?" ಅಂದಳು. "ಹೂಂ" ಅಂದೆ.

ಹದಿಮೂರು ವರ್ಷದ ಹುಡುಗಿಯ ತಲೆಗೆ ಇದನ್ನು ಕಟ್ಟಬಾರದು, ಅಷ್ಟೇ ನಾನು ಯೋಚಿಸಿದ್ದು. ಮನೆಯಲ್ಲಿ ಮರೆತು ಹೋಗಿತ್ತು ಅಂದರೆ ಯಾರ ತಪ್ಪೂ ಅಲ್ಲ. ಬೈಯುವುದಿದ್ದರೆ ನನ್ನನ್ನು ಬೈಯಲಿ. ಬೈದರು. ನೀನೂ ಬೈದೆ, ಬಾಯಲ್ಲಿ ಅಲ್ಲದಿದ್ದರೂ. ಹೊಟ್ಟೆಗೆ ಹಾಕಿಕೊಂಡೆ. ನೀನು ನನ್ನನ್ನು ದ್ವೇಷಿಸುತ್ತಿದ್ದೀಯ ಎಂದರೆ ನಿನ್ನನ್ನು ನೀನು ದ್ವೇಷಿಸುತ್ತಿಲ್ಲ ಎಂದುಕೊಂಡು ಇಷ್ಟು ವರ್ಷ ಕಳೆದೆ.

ಈಗ ಕೇಳಿದ್ದೀಯ, ಹೇಳಿದ್ದೇನೆ. ನಿನ್ನ ತಪ್ಪಲ್ಲ ಎಂದು ನಾನು ಬರೆದರೆ ನೀನು ನಂಬುವುದಿಲ್ಲ. ಆದರೂ ಬರೆಯುತ್ತೇನೆ, ನಿನ್ನ ತಪ್ಪಲ್ಲ.

ಅಪ್ಪ


ಸೆಪ್ಟೆಂಬರ್ 2

ಅಪ್ಪ,

ನಿಮ್ಮ ಕಾಗದವನ್ನು ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ವಾರ್ಡಿಗೆ ಹೋಗಿ ಏಳನೇ ಹಾಸಿಗೆಯವರ ಆಕ್ಸಿಜನ್ ಬದಲಾಯಿಸಿದೆ. ಊಟ ಮಾಡಿದೆ. ಏನೋ ಆಗುತ್ತದೆ ಎಂದು ಸಂಜೆಯ ತನಕ ಕಾದೆ, ಏನೂ ಆಗಲಿಲ್ಲ. ಅಳು ಬರಲಿಲ್ಲ. ನನ್ನ ನೆನಪು ಸರಿಯಾಗಿತ್ತು ಎಂದು ಮಾತ್ರ ಅನ್ನಿಸಿತು.

ಎರಡು ದಿನ ಬಿಟ್ಟು ಸ್ನಾನ ಮಾಡುವಾಗ ಇನ್ನೊಂದು ಹೊಳೆಯಿತು, ನೀರು ಹಾಗೇ ಬಿಟ್ಟುಕೊಂಡು ನಿಂತೆ. ಮರೆತು ಹೋಗಿತ್ತು ಅಂದರೆ ಯಾರ ತಪ್ಪೂ ಅಲ್ಲ ಎಂದು ಬರೆದಿದ್ದೀರಿ. ಪಂಪು ದಿನಾ ಬೆಳಿಗ್ಗೆ ಹಲಗೆಯಿಂದ ತೆಗೆದು ನನ್ನ ಕೈಗೆ ಕೊಡುತ್ತಿದ್ದವರು ಯಾರು ಅಪ್ಪ? ಅದು ಹಲಗೆಯ ಮೇಲೇ ಇತ್ತು ಎಂದರೆ ಕೊಡಲು ಮರೆತವರು ಯಾರು? ನನ್ನ ತಲೆಯಿಂದ ಇಳಿಸಿದ್ದನ್ನು ನೀವು ನಿಮ್ಮ ತಲೆಯ ಮೇಲೆ ಇಟ್ಟುಕೊಳ್ಳಲಿಲ್ಲ. ಅಮ್ಮನ ತಲೆಯ ಮೇಲಿಟ್ಟಿರಿ.

ಹಾಲಿಗೆ ಹೋಗುವವರನ್ನು ಗೇಟಿನ ತನಕ ಬಂದು ಮೂರು ಸಲ ಎಲ್ಲ ತಗೊಂಡ್ರಾ ಅಂತ ಕೇಳುತ್ತಾಳೆ ಎಂದು ನಗಾಡಿ ಬರೆದಿರಿ. ಬುಗುರಿ ಇದ್ದಾಗ ಅವಳು ಯಾರನ್ನೂ ಹಾಗೆ ಕೇಳುತ್ತಿರಲಿಲ್ಲ.

ನೀವು ಹೇಳುತ್ತೀರೋ, ನಾನು ಹೇಳಲೋ?

ಮಗಳು


ಸೆಪ್ಟೆಂಬರ್ 8

ಮಗಳೇ,

ನನಗೆ ಮೊದಲನೇ ವಾರದಲ್ಲೇ ಗೊತ್ತಾಗಿತ್ತು. ಅವಳು ಅಡಿಗೆಮನೆಯಲ್ಲಿ ನಿಂತು ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಯಾಕೆ ಎಂದು ಕೇಳಲಿಲ್ಲ. ಆಗ ಹೇಳಿದ್ದರೆ ನೀನು ಸಿಕ್ಕಿಬೀಳುತ್ತಿದ್ದೆ. ಹೇಳದೆ ಹೋದರೆ ಅವಳು. ಬಿಸಿ ತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ವರ್ಷ ಕಳೆದ ಮೇಲೆ ಅದು ಅಭ್ಯಾಸವಾಯಿತು. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ.

ನಿನ್ನ ಕಾಗದ ಬಂದ ಮೇಲೆ ಎರಡು ಸಲ ಹೇಳಲು ಹೋದೆ. ಎರಡು ಸಲವೂ ಅವಳು ತಿರುಗಿ "ಏನ್ ಬೇಕಿತ್ತು?" ಅಂದಳು. "ನೀರು" ಅಂದೆ. ಎರಡು ಲೋಟ ನೀರು ಕುಡಿದು ಬಂದು ಗೇಟಿನ ಹತ್ತಿರ ಕೂತೆ. ಸಾವಿರ ಮಕ್ಕಳನ್ನು ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿದವನಿಗೆ ಹೆಂಡತಿಯ ಎದುರು ನಿಲ್ಲಲು ಕಾಲು ಬರಲಿಲ್ಲ. ನಾನು ಹೇಡಿ, ಅದನ್ನು ಬರೆದು ಕೊಡುತ್ತಿದ್ದೇನೆ.

ನೀನೇ ಬರೆ. ಅವಳ ಹೆಸರಿಗೆ ಬರೆ. ಅಂಚೆಯವನು ಬಂದಾಗಲೆಲ್ಲ ಕಿಟಕಿಯಿಂದ ನೋಡುತ್ತಾಳೆ.

14ರಂದು ನಾನು ಶಾಲೆಗೆ ಬರುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಮಾತಾಡುವುದಿಲ್ಲ.

ಅಪ್ಪ


ಸೆಪ್ಟೆಂಬರ್ 15

ಅಮ್ಮ,

ನಿನಗೆ ಅಂತಲೇ ಬರೆಯುತ್ತಿದ್ದೇನೆ. ಅಪ್ಪನಿಗೆ ತೋರಿಸುವುದು ಬಿಡುವುದು ನಿನ್ನಿಷ್ಟ. ಕೂತು ಓದು.

ನಿನ್ನೆ ನಮ್ಮ ಹಳೇ ಶಾಲೆಯಲ್ಲಿ ಪಾಠ ಮಾಡಿದೆ. ಮನೆಗೆ ಬರದೆ ಹಾಗೇ ಬಸ್ಸು ಹತ್ತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಇದನ್ನು ಎದುರಿಗೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಅಪ್ಪ ಬಂದಿದ್ದರು. ಹಿಂದಿನ ಬೆಂಚು ಅವರಿಗೆ ಸಣ್ಣದು, ಮಂಡಿ ಮಡಚಲು ಆಗದೆ ಓರೆಯಾಗಿ ಕೂತಿದ್ದರು. ನಾನು ಮಕ್ಕಳಿಗೆ "ಮೊದಲು ಏನು ಮಾಡ್ತೀರಿ?" ಎಂದು ಕೇಳಿದೆ. ಎಲ್ಲರೂ ಒಟ್ಟಿಗೆ "ಕೂರಿಸ್ತೀವಿ" ಅಂದರು. ಅಪ್ಪನ ತುಟಿಯೂ ಆಡಿತು. ಪಕ್ಕದಲ್ಲಿದ್ದ ಪುಟ್ಟಿ ಅವರ ಕಡೆ ತಿರುಗಿ, "ತಾತ, ಜೋರಾಗಿ ಹೇಳ್ಬೇಕು" ಅಂದಳು. ಅವರು ಜೋರಾಗಿ ಹೇಳಿದರು.

ಒಬ್ಬ ಹುಡುಗ ಕೇಳಿದ, ನೀವು ಇಂಥದ್ದು ನೋಡಿದೀರಾ ಎಂದು. ಈ ಸಲ ಸರಿಯಾದ ಉತ್ತರ ಕೊಟ್ಟೆ. ನಾನು ನೋಡಲಿಲ್ಲ, ಯಾಕೆಂದರೆ ಇಲ್ಲಿರಲಿಲ್ಲ. ನನ್ನ ತಮ್ಮನಿಗೆ ಇದೇ ಮೈದಾನದಲ್ಲಿ ಆಯಿತು. ಅವನ ಪಂಪು ನನ್ನ ಬ್ಯಾಗಿನಲ್ಲಿತ್ತು, ನಾನು ಬ್ಯಾಗಿನ ಸಮೇತ ಬೇರೆ ಶಾಲೆಯಲ್ಲಿ ಓಡುತ್ತಿದ್ದೆ. ಅದಕ್ಕೇ ಪಂಪು ಯಾರದ್ದೋ ಅವರ ಜೇಬಿನಲ್ಲೇ ಇರಬೇಕು, ಅಕ್ಕನ ಬ್ಯಾಗಿನಲ್ಲಲ್ಲ. ಹೀಗೆ ಹೇಳಿದೆ.

ಅಮ್ಮ, ಅದು ಹಲಗೆಯ ಮೇಲಿರಲಿಲ್ಲ. ಸಂಜೆ ಅಪ್ಪ ನನ್ನ ಬ್ಯಾಗಿನಿಂದ ತೆಗೆದು ಅಲ್ಲಿಟ್ಟರು. ನನ್ನನ್ನು ಯಾರೂ ಏನೂ ಅನ್ನಬಾರದು ಎಂದು ಹಾಗೆ ಮಾಡಿದರು. ನನಗೆ ಇದು ಗೊತ್ತಾಗಿದ್ದು ಹೋದ ತಿಂಗಳು.

ಆ ಬೆಳಿಗ್ಗೆ ನೀನು ಪಾತ್ರೆ ತೊಳೆಯುತ್ತಿದ್ದೆ. ಕೈ ಒರೆಸಿಕೊಳ್ಳದೆ ಹಾಗೇ ಬಂದು ಪಂಪು ಕೊಟ್ಟೆ, ಅದಕ್ಕೆ ಸೋಪಿನ ನೊರೆ ಅಂಟಿತ್ತು. ನಾನು "ಥೂ, ಒದ್ದೆ" ಎಂದು ಸಿಡುಕಿ ಯೂನಿಫಾರ್ಮಿಗೆ ಒರೆಸಿದೆ. ನೀನು ಮರೆಯಲಿಲ್ಲ. ನೀನು ಕೊಟ್ಟಿದ್ದೆ.

ನಿನ್ನ ಮಗಳು


ಸೆಪ್ಟೆಂಬರ್ 24

ಮಗಳೇ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಹೇಗೆ ಬರುತ್ತದೋ ಹಾಗೆ ಓದಿಕೋ.

ನಿನ್ನ ಕಾಗದವನ್ನು ನೀನು ಹೇಳಿದ ಹಾಗೆ ಕೂತೇ ಓದಿದೆ. ಆಮೇಲೆ ಒಲೆಯ ಮೇಲೆ ಏನೋ ಇಟ್ಟಿದ್ದು ನೆನಪಾಯಿತು, ಹೋಗಿ ಆರಿಸಿದೆ. ಸೀದಿತ್ತು.

ನನ್ನ ಕೈ ಒದ್ದೆಯಾಗಿತ್ತು. ನೀನು ಥೂ ಅಂದಿದ್ದು ನನಗೆ ನೆನಪಿತ್ತು. ಜಡೆ ಹಾಕಿಸಿಕೊಳ್ಳುವಾಗಲೂ ಅವತ್ತು ಸಿಡುಕುತ್ತಿದ್ದೆ, ಓಟದ ಪಂದ್ಯದ ಗಾಬರಿ ನಿನಗೆ. ಆದರೆ ಸಂಜೆ ಅದು ಹಲಗೆಯ ಮೇಲಿತ್ತಲ್ಲ. ಹಾಗಾದರೆ ಆ ಒದ್ದೆ ಕೈ ಹಿಂದಿನ ದಿನದ್ದಿರಬೇಕು ಅಂದುಕೊಂಡೆ. ದಿನಾ ಕೊಡುವವಳಿಗೆ ಯಾವ ದಿನ ಕೊಟ್ಟೆ ಅಂತ ಹೇಗೆ ಗೊತ್ತಾಗಬೇಕು. ನಿಮ್ಮಪ್ಪ ಹೂಂ ಅಂದರು. ಅವರ ಬಾಯನ್ನು ನಂಬಿದೆ, ನನ್ನ ಕೈಯನ್ನು ನಂಬಲಿಲ್ಲ. ಹದಿನಾಲ್ಕು ವರ್ಷ ನಂಬಲಿಲ್ಲ.

ನಿನ್ನ ಮೇಲೆ ಸಿಟ್ಟು ಬರುತ್ತದೇನೋ ಎಂದು ನೋಡಿದೆ. ಬರಲಿಲ್ಲ. ನಿನಗೆ ಆಗ ಹದಿಮೂರು, ಬ್ಯಾಗು ತಗೊಂಡು ಹೋಗು ಅಂದರು, ಹೋದೆ. ನಾನೇ ಅದನ್ನು ಅವನ ಜೇಬಿಗೆ ಹಾಕಿ ಪಿನ್ನು ಚುಚ್ಚಬಹುದಿತ್ತು. ಈಗ ನೀನು ಬೇರೆ ಮಕ್ಕಳ ತಾಯಂದಿರಿಗೆ ಹೇಳುತ್ತಿದ್ದೀಯಲ್ಲ, ಹೇಳು.

ನಿಮ್ಮಪ್ಪನ ಹತ್ತಿರ ಮಾತಾಡಿಲ್ಲ. ಮಾತಾಡಿದರೆ ಅವರಿಗೆ ಕೇಳಿಸುವುದೂ ಇಲ್ಲ, ಕೂಗಿ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ನಿನ್ನ ಕಾಗದವನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಓದಿದರು. ಊಟ ಬಿಟ್ಟು ಏಳಲು ಹೋದರು. "ಕೂತ್ಕೊಳ್ಳಿ" ಅಂದೆ. ಕೂತರು. ನಾನೂ ಕೂತೆ. ಅನ್ನ ಆರಿಹೋಯಿತು.

ಬಿಡುವಾದಾಗ ಬಾ. ಎರಡು ದಿನಕ್ಕೆ ಬರುವುದಾದರೆ ಬೇಡ, ನಾಲ್ಕು ದಿನ ಇರುವ ಹಾಗೆ ಬಾ.

ಇವತ್ತು ಬೆಳಿಗ್ಗೆ ಅವರು ಹಾಲಿಗೆ ಹೊರಟರು. ಗೇಟಿನ ಹತ್ತಿರ ನಿಂತು ನನ್ನನ್ನೇ ನೋಡಿದರು, ನಾನು ಕೇಳುತ್ತೇನೆ ಎಂದು. ನಾನು ಒಳಗೇ ಇದ್ದೆ, ಏನೂ ಕೇಳಲಿಲ್ಲ. ಹೋದರು. ಅರ್ಧ ದಾರಿಯಿಂದ ವಾಪಸ್ ಬಂದರು, ಚೀಲ ಬಿಟ್ಟು ಹೋಗಿದ್ದರು.

ಅಮ್ಮ